ಕಲಬುರಗಿಯ ತೊಗರಿ, ಕಡಲಿನ ಹಡಗು

ಮಕ್ಕಳೇ, ನಮ್ಮ ಕಲಬುರಗಿಯಿಂದ ಸಮುದ್ರ ಬಲು ದೂರ. ಮುಂಬೈಗೆ ಹೋಗಬೇಕೆಂದರೆ ರಸ್ತೆಯಲ್ಲಿ 550 ಕಿ.ಮೀ.ಗೂ ಹೆಚ್ಚು. ಮಂಗಳೂರು ಅದಕ್ಕಿಂತ ದೂರ. ನಿಮ್ಮಲ್ಲಿ ಬಹಳಷ್ಟು ಮಂದಿ ಹಡಗನ್ನು ಚಿತ್ರದಲ್ಲಷ್ಟೇ ನೋಡಿರುತ್ತೀರಿ. ಆದರೆ ನಿಮ್ಮ ಅಪ್ಪ ಅಥವಾ ಅವ್ವ ತೊಗರಿ ಚೀಲಗಳನ್ನು ನೆಹರು ಗಂಜಿಗೆ ಒಯ್ದಾಗ ಅಲ್ಲಿ ಸಿಗುವ ಬೆಲೆಗೂ ಹಡಗಿಗೂ ಸಂಬಂಧವಿದೆ. ಹೇಗೆ ಎಂಬುದನ್ನು ನೋಡೋಣ.

ತೊಗರಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ಭಾರತ. ಅತಿ ಹೆಚ್ಚು ತಿನ್ನುವ ದೇಶವೂ ಭಾರತವೇ. ಬೆಳೆದದ್ದು ಸಾಲದೆ ನಾವು ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್ ದೇಶಗಳಿಂದ ತೊಗರಿ ತರಿಸುತ್ತೇವೆ. 2016ರ ಜುಲೈನಲ್ಲಿ ಭಾರತವು ಮೊಜಾಂಬಿಕ್ ಜೊತೆ ಇದಕ್ಕಾಗಿಯೇ ಒಪ್ಪಂದ ಮಾಡಿಕೊಂಡಿತು. ಮೊಜಾಂಬಿಕ್ ಇರುವುದು ಆಫ್ರಿಕಾ ಖಂಡದ ಪೂರ್ವ ಕರಾವಳಿಯಲ್ಲಿ. ಅಲ್ಲಿನ ನಕಾಲಾ ಬಂದರಿನಿಂದ ಮುಂಬೈಗೆ ಕಡಲ ದಾರಿ ಸುಮಾರು 5,000 ಕಿ.ಮೀ. ಇಷ್ಟು ದೂರದಿಂದ ಬಂದ ತೊಗರಿಯು 'ತೊಗರಿಯ ಕಣಜ' ಎನಿಸಿಕೊಂಡ ಕಲಬುರಗಿಯ ತೊಗರಿಯೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡುತ್ತದೆ! ಸಾಗಣೆ ದುಬಾರಿಯಾಗಿದ್ದರೆ ಇದು ಆಗುತ್ತಿರಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಲಾರಿ 15 ಟನ್ ತೊಗರಿ ಹೊತ್ತು ಹೊರಟಿದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್‌ಗೆ ಅದು 4 ಕಿ.ಮೀ. ಓಡುತ್ತದೆ. 576 ಕಿ.ಮೀ. ಓಡಲು 144 ಲೀಟರ್ ಬೇಕು. ಇದನ್ನು 15ರಿಂದ ಭಾಗಿಸಿದರೆ ಒಂದು ಟನ್ನಿಗೆ 9.6 ಲೀಟರ್, ಅಂದರೆ ತೂಕದಲ್ಲಿ ಸುಮಾರು 8 ಕಿಲೋಗ್ರಾಂ ಡೀಸೆಲ್ ಆಯಿತು.

ಇನ್ನು ಹಡಗು. ಧಾನ್ಯ ಸಾಗಿಸುವ ಒಂದು ದೊಡ್ಡ ಹಡಗು 80,000 ಟನ್ ಹೊತ್ತು ಗಂಟೆಗೆ 24 ಕಿ.ಮೀ. ವೇಗದಲ್ಲಿ ಸಾಗುತ್ತದೆ, ದಿನಕ್ಕೆ 30 ಟನ್ ಎಣ್ಣೆ ಉರಿಸುತ್ತದೆ ಎಂದಿಟ್ಟುಕೊಳ್ಳಿ. ಹಡಗು ರಾತ್ರಿಯೂ ನಿಲ್ಲುವುದಿಲ್ಲ. ಆದ್ದರಿಂದ 24 ಗಂಟೆಯಲ್ಲಿ ಅದು ಸಾಗುವ ದೂರ 576 ಕಿ.ಮೀ., ಹೆಚ್ಚುಕಡಿಮೆ ಕಲಬುರಗಿಯಿಂದ ಮುಂಬೈಗೆ ಇರುವಷ್ಟು. 30 ಟನ್ ಎಂದರೆ 30,000 ಕಿಲೋಗ್ರಾಂ. ಅದನ್ನು 80,000ದಿಂದ ಭಾಗಿಸಿ. ಎಷ್ಟು ಬಂತು? 0.375 ಕಿಲೋಗ್ರಾಂ, ಅಂದರೆ 375 ಗ್ರಾಂ! ಹತ್ತು ಕ್ವಿಂಟಲ್ ತೊಗರಿಯನ್ನು ಅಷ್ಟು ದೂರ ಒಯ್ಯಲು ಅರ್ಧ ಕಿಲೋಗ್ರಾಂ ಎಣ್ಣೆಯೂ ಬೇಡ. ಲಾರಿಗೆ ಬೇಕಾದದ್ದು ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು. (ಹಡಗು ವಾಪಸು ಖಾಲಿ ಬಂದರೆ ಲೆಕ್ಕ ಬದಲಾಗುತ್ತದೆ. ಲಾರಿಗೂ ಅದೇ ಮಾತು.)

ಇದು ಹೇಗೆ ಸಾಧ್ಯ? ಒಂದು ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ. ಒಂದು ಸಣ್ಣ ತಟ್ಟೆಯಲ್ಲಿ ನಾಲ್ಕೈದು ಕಲ್ಲುಗಳನ್ನಿಟ್ಟು ತೇಲಬಿಡಿ. ತಟ್ಟೆಗೆ ಒಂದು ರಬ್ಬರ್ ಬ್ಯಾಂಡ್, ಅದಕ್ಕೆ ದಾರ ಕಟ್ಟಿ ಮೆಲ್ಲಗೆ ಎಳೆಯಿರಿ. ರಬ್ಬರ್ ಎಷ್ಟು ಹಿಗ್ಗಿತು ನೋಡಿ. ಅದೇ ತಟ್ಟೆಯನ್ನು ನೆಲದ ಮೇಲಿಟ್ಟು ಎಳೆಯಿರಿ. ನೆಲದ ಮೇಲೆ ರಬ್ಬರ್ ಬಹಳ ಹಿಗ್ಗುತ್ತದೆ, ನೀರಿನಲ್ಲಿ ಹಿಗ್ಗಿದ್ದು ಕಾಣಿಸುವುದೇ ಕಷ್ಟ. ತೇಲುವ ವಸ್ತುವಿನ ಭಾರವನ್ನು ನೀರೇ ಹೊರುತ್ತದೆ ಎಂದು ಆರ್ಕಿಮಿಡೀಸನ ತತ್ವದಲ್ಲಿ ಓದುತ್ತೀರಲ್ಲ, ಅದೇ ಇಲ್ಲಿ ಕೆಲಸ ಮಾಡುತ್ತಿದೆ. ಹಡಗಿನ ಎಂಜಿನ್ ಭಾರ ಎತ್ತುವುದಿಲ್ಲ. ಎದುರಿಗಿರುವ ನೀರನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುವುದಷ್ಟೇ ಅದರ ಕೆಲಸ.

ಈಗ ತೇಲುವ ತಟ್ಟೆಯನ್ನು ಜೋರಾಗಿ ಎಳೆಯಿರಿ. ರಬ್ಬರ್ ಥಟ್ಟನೆ ಹಿಗ್ಗಿತು, ಮುಂದೆ ಅಲೆ ಎದ್ದಿತು, ನೀರು ಚೆಲ್ಲಿತು. ವೇಗ ಹೆಚ್ಚಾದಂತೆ ನೀರು ಕೊಡುವ ತಡೆ ಬಹಳ ಬೇಗ ಏರುತ್ತದೆ. ಎಂಜಿನ್ನಿನ ಶಕ್ತಿಗೆ ನೌಕಾ ಎಂಜಿನಿಯರರು ಬಳಸುವ ಒಂದು ಸ್ಥೂಲ ನಿಯಮವಿದೆ: ವೇಗದ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸುವುದು. ವೇಗ 10 ಇದ್ದರೆ 10×10×10=1000. ವೇಗವನ್ನು 9ಕ್ಕೆ ಇಳಿಸಿದರೆ 9×9×9=729. ವೇಗ ಹತ್ತರಲ್ಲಿ ಒಂದು ಪಾಲು ಇಳಿದರೆ ಬೇಕಾದ ಶಕ್ತಿ ನೂರಕ್ಕೆ 27ರಷ್ಟು ಇಳಿಯುತ್ತದೆ! ನಿಜ, ಹಡಗು ತಲುಪುವುದು ತಡವಾಗುತ್ತದೆ. 10 ದಿನದ ಪ್ರಯಾಣಕ್ಕೆ 11 ದಿನಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆ ಹೆಚ್ಚಿನ ದಿನದ ಎಣ್ಣೆ ಸೇರಿಸಿದರೂ ಒಟ್ಟು ಪ್ರಯಾಣದಲ್ಲಿ ನೂರಕ್ಕೆ 19ರಷ್ಟು ಉಳಿಯುತ್ತದೆ. 2008ರ ನಂತರ ವ್ಯಾಪಾರ ಕುಗ್ಗಿದಾಗ ದೊಡ್ಡ ಹಡಗು ಕಂಪನಿಗಳು ಮಾಡಿದ್ದು ಇದನ್ನೇ: ನಿಧಾನವಾಗಿ ಹೋಗುವುದು. ಹೊಸ ಯಂತ್ರ ಬೇಕಿಲ್ಲ, ಹೊಸ ಇಂಧನ ಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಹಡಗಿನ ಎಣ್ಣೆ ಉಳಿಸಿದ ಉಪಾಯಗಳಲ್ಲಿ ಇದೇ ಅತ್ಯಂತ ಸರಳವಾದದ್ದು.

ಇನ್ನೊಂದು ಉಪಾಯ ಹಡಗಿನ ಮೂತಿಯಲ್ಲಿದೆ. ದೊಡ್ಡ ಹಡಗಿನ ಚಿತ್ರ ಸಿಕ್ಕರೆ ಮುಂಭಾಗದ ತಳವನ್ನು ಗಮನಿಸಿ. ನೀರಿನ ಮಟ್ಟದ ಕೆಳಗೆ ಬದನೆಕಾಯಿಯಂತೆ ಒಂದು ಉಬ್ಬು ಮುಂದಕ್ಕೆ ಚಾಚಿರುತ್ತದೆ. ನೀರನ್ನು ಸೀಳಬೇಕಾದ ಕಡೆ ಚೂಪು ಬಿಟ್ಟು ಉಬ್ಬನ್ನೇಕೆ ಇಟ್ಟರು? ಹಡಗು ಚಲಿಸುವಾಗ ಅದರ ಮೂತಿ ಒಂದು ಅಲೆ ಎಬ್ಬಿಸುತ್ತದೆ. ಅಲೆ ಎಬ್ಬಿಸಲು ಶಕ್ತಿ ಬೇಕು, ಅದು ವ್ಯರ್ಥವಾದ ಶಕ್ತಿ. ಉಬ್ಬು ಸ್ವಲ್ಪ ಮುಂದೆ ಇನ್ನೊಂದು ಅಲೆ ಎಬ್ಬಿಸುತ್ತದೆ. ಮೊದಲ ಅಲೆಯ ದಿಬ್ಬ ಇರುವಲ್ಲಿಗೆ ಎರಡನೆಯ ಅಲೆಯ ತಗ್ಗು ಬಂದು ಸೇರಿದರೆ ಎರಡೂ ಸೇರಿ ನೀರು ಸಮವಾಗುತ್ತದೆ. ಅಮೆರಿಕದ ಡೇವಿಡ್ ಟೇಲರ್ ಎಂಬ ನೌಕಾ ಎಂಜಿನಿಯರ್ ಇದನ್ನು ಪ್ರಯೋಗಿಸಿ, 1910ರಲ್ಲಿ ಸೇವೆಗೆ ಬಂದ ಡೆಲವೇರ್ ಎಂಬ ಯುದ್ಧನೌಕೆಯಲ್ಲಿ ಅಳವಡಿಸಿದ. ಸರಕು ಹಡಗುಗಳಲ್ಲಿ ಇದು ಹರಡಿದ್ದು ಹೆಚ್ಚಾಗಿ 1960ರ ನಂತರ. ಆದರೆ ಒಂದು ತೊಡಕಿದೆ. ಅಲೆಗಳು ಸರಿಯಾಗಿ ಕೂಡುವುದು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ. ಹಡಗುಗಳು ನಿಧಾನವಾದಾಗ ಹಳೆಯ ಉಬ್ಬು ಸಹಾಯ ಮಾಡುವ ಬದಲು ಅಡ್ಡಿಯಾಯಿತು! ಕೆಲವು ಕಂಪನಿಗಳು ಉಬ್ಬನ್ನೇ ಕತ್ತರಿಸಿ ಬೇರೆ ಆಕಾರದ್ದನ್ನು ಬೆಸುಗೆ ಹಾಕಿಸಿದವು.

ನಿಮ್ಮ ಶಾಲೆಯ ನೀರಿನ ತೊಟ್ಟಿಯ ಗೋಡೆಗೆ ಪಾಚಿ ಕಟ್ಟುತ್ತದಲ್ಲವೇ? ಹಡಗಿನ ತಳಕ್ಕೂ ಪಾಚಿ, ಚಿಪ್ಪಿನ ಜೀವಿಗಳು ಅಂಟಿಕೊಂಡು ತಳ ಒರಟಾಗುತ್ತದೆ, ಘರ್ಷಣೆ ಹೆಚ್ಚುತ್ತದೆ. ಅದಕ್ಕೇ ಜೀವಿಗಳು ಅಂಟದಷ್ಟು ನುಣುಪಾದ ಬಣ್ಣಗಳು ಬಂದಿವೆ. ಕೆಲವು ಹಡಗುಗಳು ತಳದಿಂದ ಗಾಳಿಯ ಗುಳ್ಳೆಗಳನ್ನು ಬಿಟ್ಟು, ಆ ಗುಳ್ಳೆಗಳ ಹಾಸಿನ ಮೇಲೆ ಜಾರುತ್ತ ಹೋಗುತ್ತವೆ.

ಗಾಳಿಯ ಮಾತು ಬಂದಿತು. ಹಿಂದೆ ಹಡಗುಗಳು ಬಟ್ಟೆಯ ಹಾಯಿ ಕಟ್ಟಿ ಗಾಳಿಯಿಂದಲೇ ಓಡುತ್ತಿದ್ದವು. ಉಗಿ ಎಂಜಿನ್ ಬಂದ ಮೇಲೆ ಹಾಯಿ ಮೂಲೆಗೆ ಸೇರಿತು. ಈಗ ಅದು ಹೊಸ ರೂಪದಲ್ಲಿ ಮರಳುತ್ತಿದೆ. 2023ರ ಆಗಸ್ಟ್‌ನಲ್ಲಿ ಪಿಕ್ಸಿಸ್ ಓಷನ್ ಎಂಬ ಸರಕು ಹಡಗು ಚೀನಾದಿಂದ ಬ್ರೆಜಿಲ್ ಕಡೆಗೆ ಹೊರಟಾಗ ಅದರ ಮೇಲೆ ಎರಡು ರೆಕ್ಕೆಗಳು ನಿಂತಿದ್ದವು. ಒಂದೊಂದರ ಎತ್ತರ 37.5 ಮೀಟರ್, ಅಂದರೆ ಹನ್ನೆರಡು ಅಂತಸ್ತಿನ ಕಟ್ಟಡದಷ್ಟು. ಬಟ್ಟೆಯದಲ್ಲ, ಉಕ್ಕು ಮತ್ತು ಗಾಜಿನ ನಾರಿನದು. ಗಾಳಿ ಬಂದ ಕಡೆಗೆ ತಿರುಗಿಸಬಹುದು, ಬಂದರಿನಲ್ಲಿ ಮಡಚಿ ಮಲಗಿಸಬಹುದು. ಆರು ತಿಂಗಳ ಪರೀಕ್ಷೆಯಲ್ಲಿ ಸರಾಸರಿ ದಿನಕ್ಕೆ 3 ಟನ್ ಎಣ್ಣೆ ಉಳಿಯಿತು. ನಮ್ಮ ಲೆಕ್ಕದ ಹಡಗಿನ 30 ಟನ್ನಿಗೆ ಇದನ್ನು ಹೋಲಿಸಿ ನೋಡಿ.

ಇಷ್ಟೆಲ್ಲ ಕಷ್ಟ ಏಕೆಂದರೆ, ಒಂದು ಟನ್ನಿಗೆ ಎಣ್ಣೆ ಕಡಿಮೆಯಾದರೂ ಹಡಗುಗಳು ಹೊರುವ ಸರಕು ಅಪಾರ. ದೇಶ ದೇಶಗಳ ನಡುವೆ ಸಾಗುವ ಸರಕಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಮುದ್ರದ ಮೇಲೆಯೇ ಹೋಗುತ್ತದೆ. ಮನುಷ್ಯ ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳದ್ದು.

ನಮ್ಮ ಕರ್ನಾಟಕದಲ್ಲೂ ಇಂಥ ಕೆಲಸ ನಡೆದಿದೆ. ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹಡಗು ಕಟ್ಟುವ ಕಾರ್ಖಾನೆ ಇದೆ. 2023ರಲ್ಲಿ ನಾರ್ವೆ ದೇಶದ ವಿಲ್ಸನ್ ಕಂಪನಿ ಆರು ಸರಕು ಹಡಗುಗಳನ್ನು ಕಟ್ಟಿಕೊಡಲು ಇದಕ್ಕೆ ಹೇಳಿತು. ಒಂದೊಂದೂ 3,800 ಟನ್ ಹೊರುವಂಥದ್ದು, ಉದ್ದ ಸುಮಾರು 90 ಮೀಟರ್. ಇವು ಡೀಸೆಲ್-ವಿದ್ಯುತ್ ಹಡಗುಗಳು. ಎಂಜಿನ್ ನೇರವಾಗಿ ಪ್ರೊಪೆಲ್ಲರನ್ನು ತಿರುಗಿಸುವುದಿಲ್ಲ. ಡೀಸೆಲ್ ಜನರೇಟರುಗಳು ವಿದ್ಯುತ್ ತಯಾರಿಸುತ್ತವೆ, ಆ ವಿದ್ಯುತ್ತಿನಿಂದ ಮೋಟರು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಡೀಸೆಲ್ ರೈಲು ಎಂಜಿನ್‌ಗಳಲ್ಲೂ ಇದೇ ವ್ಯವಸ್ಥೆ. ಲಾಭವೇನು? ನಿಧಾನವಾಗಿ ಹೋಗುವಾಗ ಬೇಡವಾದ ಜನರೇಟರನ್ನು ನಿಲ್ಲಿಸಿಬಿಡಬಹುದು.

ಎಣ್ಣೆಯಷ್ಟೇ ಮುಖ್ಯವಾದದ್ದು ಸರಕು ಏರಿಸುವ, ಇಳಿಸುವ ಖರ್ಚು. ಹಿಂದೆ ಹಮಾಲರು ಒಂದೊಂದೇ ಚೀಲ ಹೊತ್ತು ಹಡಗು ತುಂಬುತ್ತಿದ್ದರು, ವಾರಗಟ್ಟಲೆ ಹಡಗು ಬಂದರಿನಲ್ಲೇ ನಿಲ್ಲುತ್ತಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನ ಮೇಲಿಟ್ಟು ಕಳಿಸಿದ. ಟನ್ನಿಗೆ ಸುಮಾರು 6 ಡಾಲರ್ ಇದ್ದ ತುಂಬುವ ಖರ್ಚು ಆ ಹಡಗಿನಲ್ಲಿ 16 ಸೆಂಟ್‌ಗೆ ಇಳಿಯಿತು. ಅದೇ ಇಂದಿನ ಕಂಟೇನರ್. 20 ಅಡಿ ಉದ್ದದ ಕಂಟೇನರಿನಲ್ಲಿ 24 ಟನ್ ತೊಗರಿ, ಅಂದರೆ 50 ಕಿಲೋಗ್ರಾಂ ಚೀಲಗಳು 480 ಹಿಡಿಯುತ್ತವೆ. ಕ್ರೇನು ಅದನ್ನು ಒಂದೇ ಸಲಕ್ಕೆ ಎತ್ತಿ ಲಾರಿಯ ಮೇಲಿಡುತ್ತದೆ.

ಹೀಗೆ ಸಾಗಣೆ ಸೋವಿಯಾದಂತೆ ದೂರದ ತೊಗರಿ ಹತ್ತಿರವಾಗುತ್ತದೆ. ಕೊಳ್ಳುವವರಿಗೆ ಇದು ಒಳ್ಳೆಯದು. 2015ರಲ್ಲಿ ತೊಗರಿಬೇಳೆ ಕಿಲೋಗ್ರಾಂಗೆ 200 ರೂಪಾಯಿ ಮುಟ್ಟಿದಾಗ ಪಟ್ಟಣದ ಎಷ್ಟೋ ಮನೆಗಳಲ್ಲಿ ಸಾರು ತೆಳ್ಳಗಾಗಿತ್ತು. ಬೆಳೆಯುವವರಿಗೆ ಹಾಗಲ್ಲ. 2017ರಲ್ಲಿ ದೇಶದಲ್ಲಿ ಭಾರಿ ಬೆಳೆ ಬಂದಿತ್ತು, ಹೊರಗಿನ ತೊಗರಿಯೂ ಬಂದಿತ್ತು. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಹೊರಗಿನ ತೊಗರಿಯನ್ನು ಯಾವಾಗ ಬಿಡಬೇಕು, ಎಷ್ಟು ಸುಂಕ ಹಾಕಬೇಕು ಎಂಬುದು ಸರ್ಕಾರ ತೀರ್ಮಾನಿಸುವ ವಿಷಯ, ಹಡಗು ಅದನ್ನು ತೀರ್ಮಾನಿಸದು.

ಹಡಗು ತರುವುದಷ್ಟೇ ಅಲ್ಲ, ಒಯ್ಯುತ್ತದೆ ಕೂಡ. ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಕಮಲಾಪುರದಿಂದ ಕಲಬುರಗಿಗೆ 40 ಕಿ.ಮೀ. ಒಳಗಿನ ದಾರಿ, ಬೆಳಿಗ್ಗೆ ಕೊಯ್ದರೆ ಮಧ್ಯಾಹ್ನ ಮಾರಬಹುದು. ಬೇರೆ ದೇಶಕ್ಕೆ ಕಳಿಸಬೇಕೆಂದರೆ? 2023ರ ನವೆಂಬರ್‌ನಲ್ಲಿ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಿಂದ ಬಾಳೆಕಾಯಿಯನ್ನು ಪ್ರಯೋಗಕ್ಕಾಗಿ ಹಡಗಿನಲ್ಲಿ ನೆದರ್ಲ್ಯಾಂಡ್ಸ್ ದೇಶಕ್ಕೆ ಕಳಿಸಲಾಯಿತು. ಇದಕ್ಕೆ ತಂಪು ಕಂಟೇನರ್ ಬೇಕು. ಒಳಗಿನ ಉಷ್ಣತೆ 13ರಿಂದ 14 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚಾದರೆ ಕಾಯಿ ಬೇಗ ಹಣ್ಣಾಗುತ್ತದೆ, ಬಹಳ ಕಡಿಮೆಯಾದರೆ ಸಿಪ್ಪೆ ಕಪ್ಪಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣು ಕಪ್ಪಾಗುವುದು ಇದರಿಂದಲೇ. ಇಲ್ಲಿ ನಿಧಾನವಾಗಿ ಹೋಗುವ ಉಪಾಯ ಕಷ್ಟಕ್ಕೆ ಸಿಲುಕುತ್ತದೆ. ತೊಗರಿ ಕಾಯುತ್ತದೆ, ಬಾಳೆ ಕಾಯುವುದಿಲ್ಲ.

ಈಗ ನಿಮಗೊಂದು ಲೆಕ್ಕ. ತಂಪು ಕಂಟೇನರಿನಲ್ಲಿ ಬಾಳೆಕಾಯಿ 21 ದಿನ ತಾಳುತ್ತದೆ ಎಂದಿಟ್ಟುಕೊಳ್ಳಿ. 10ರ ವೇಗದಲ್ಲಿ ಹಡಗು 18 ದಿನಕ್ಕೆ ತಲುಪುತ್ತದೆ. ವೇಗವನ್ನು 9ಕ್ಕೆ ಇಳಿಸಿದರೆ ಎಷ್ಟು ದಿನ? 8ಕ್ಕೆ ಇಳಿಸಿದರೆ? ಎರಡರಲ್ಲೂ ಎಷ್ಟು ಎಣ್ಣೆ ಉಳಿಯುತ್ತದೆ? ನೀವು ಕಪ್ತಾನರಾಗಿದ್ದರೆ ಯಾವ ವೇಗದಲ್ಲಿ ಹೋಗುತ್ತಿದ್ದಿರಿ? ಉತ್ತರವನ್ನು ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.