ಪೆನ್‌ಡ್ರೈವ್ ಇಲ್ಲದೆ ಲಿನಕ್ಸ್

2025ನೆಯ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ವಿಜಯನಗರದ ನನ್ನ ವಿದ್ಯಾರ್ಥಿಯೊಬ್ಬನ ಹಳೆಯ ಲ್ಯಾಪ್‌ಟಾಪು ಗುಜರಿಗೆ ಹೋಗುವುದರಲ್ಲಿತ್ತು; ಅದರ ಯು.ಎಸ್.ಬಿ. ಪೋರ್ಟುಗಳೂ ಕೆಟ್ಟಿದ್ದುವು. ಹಾಗಾದರೆ ಅದರಲ್ಲಿ ಲಿನಕ್ಸನ್ನು ಸ್ಥಾಪಿಸುವುದೆಂತು?

ಯಂತ್ರಕ್ಕೆ ಬೇಕಾದುದು ಪೆನ್‌ಡ್ರೈವ್ ಅಲ್ಲ. ಕರ್ನೆಲ್ ಎಂಬ ತಿರುಳು ಸ್ಮೃತಿಯನ್ನು ಸೇರಬೇಕು, ಅಷ್ಟೆ. ಲಿನಕ್ಸಿನ ಐ.ಎಸ್.ಒ. ಕಡತವನ್ನು ಹಾರ್ಡ್‌ಡಿಸ್ಕಿನ ಪ್ರತ್ಯೇಕ ವಿಭಾಗದಲ್ಲಿರಿಸಿ, ‘ಗ್ರಬ್’ ಎಂಬ ಪುಟ್ಟ ತಂತ್ರಾಂಶಕ್ಕೆ ಅದರ ನೆಲೆಯನ್ನು ತಿಳಿಸಿದರೆ, ಅದು ಕಡತವನ್ನೇ ಡಿಸ್ಕಿನಂತೆ ತೆರೆದು ಕರ್ನೆಲನ್ನು ಸ್ಮೃತಿಗೇರಿಸುತ್ತದೆ. ಉಳಿದ ಭಾಗವನ್ನು ಹುಡುಕಿಕೊಳ್ಳಲು ಕರ್ನೆಲಿಗೂ ಆ ನೆಲೆಯನ್ನು ತಿಳಿಸತಕ್ಕದ್ದು. ಅನಂತರ ಸ್ಥಾಪನೆಯು ಬೇರೊಂದು ವಿಭಾಗದಲ್ಲಿ ನಡೆಯುತ್ತದೆ.

ಕಡತವಿರುವ ವಿಭಾಗವನ್ನು ನಡುವೆಯೇ ಅಳಿಸುವುದೆಂದರೆ ಕುಳಿತ ಕೊಂಬೆಯನ್ನೇ ಕಡಿದಂತೆ. ಮುಖ್ಯ ದಾಖಲೆಗಳ ಪ್ರತಿಯನ್ನು ಮೊದಲೇ ಬೇರೆಡೆ ಇರಿಸತಕ್ಕದ್ದು.

ಆ ಲ್ಯಾಪ್‌ಟಾಪು ಇಂದಿಗೂ ದುಡಿಯುತ್ತಿದೆ.