ಉಪಕಾರಸ್ತುತಿಯ ಹಬ್ಬವೂ ಮನೆಯವರ ಸಂತೋಷವೂ

ಓದತಕ್ಕ ವಾಕ್ಯಭಾಗಗಳು: ಧರ್ಮೋಪದೇಶಕಾಂಡ ೨೬:೧–೧೧, ನೆಹೆಮೀಯ ೮:೯–೧೨, ಲೂಕ ೧೭:೧೧–೧೯.



ನಮ್ಮ ಸಭೆಗಳಲ್ಲಿ ಸುಗ್ಗಿಯ ಸ್ತೋತ್ರಾರಾಧನೆಯು ನಡೆಯುವ ಕ್ರಮವನ್ನು ನೀವೆಲ್ಲರೂ ಬಲ್ಲಿರಿ. ಒಬ್ಬನು ರಾಗಿಯನ್ನೂ ಒಬ್ಬನು ತೆಂಗಿನಕಾಯಿಯನ್ನೂ ಒಬ್ಬಳು ಕೋಳಿಯನ್ನೂ ಪ್ರಥಮಫಲವಾಗಿ ತಂದು ದೇವಾಲಯದಲ್ಲಿ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳನ್ನು ಹರಾಜು ಕೂಗುತ್ತಾರೆ. ಮಕ್ಕಳು ನಗುತ್ತಾರೆ, ಹಿರಿಯರು ಉಲ್ಲಾಸಪಡುತ್ತಾರೆ. ಇದು ಒಳ್ಳೇದೇ. ಆದರೆ ಮಳೆ ತಪ್ಪಿದ ಒಂದು ವರುಷ ಒಬ್ಬ ಹಿರಿಯನು ನನ್ನನ್ನು ನೋಡಿ, "ಉಪದೇಶಿಗಳೇ, ಕಣದಲ್ಲಿ ಹೊಟ್ಟು ಸಹ ಇಲ್ಲವಲ್ಲಾ, ಈ ಸಾರಿ ಯಾತಕ್ಕಾಗಿ ಸ್ತೋತ್ರ ಮಾಡೋಣ?" ಎಂದು ಕೇಳಿದನು. ಯಾವಾಗಲೂ ಸ್ತೋತ್ರ ಮಾಡಬೇಕೆಂದು ನಾನು ಒಂದು ವಚನವನ್ನು ಹೇಳಿ ಸುಮ್ಮನಾದೆನು. ವಚನವು ಸತ್ಯವೇ, ಆದರೂ ಅವನ ಕಣ್ಣುಗಳಲ್ಲಿದ್ದ ಪ್ರಶ್ನೆಗೆ ಉತ್ತರ ದೊರೆಯಲಿಲ್ಲವೆಂಬದು ನನಗೆ ತಿಳಿದಿತ್ತು. ಆ ಉತ್ತರವನ್ನು ಹುಡುಕುವಾಗ ಅಮೇರಿಕ ದೇಶದ ಉಪಕಾರಸ್ತುತಿಯ ಹಬ್ಬದ ವೃತ್ತಾಂತವು ನನಗೆ ಸಹಾಯಮಾಡಿತು. ಅದನ್ನು ಈ ಪಾಠದಲ್ಲಿ ನಿಮ್ಮ ಮುಂದೆ ಇಡುತ್ತೇನೆ.

೧. ದುಃಖದೊಳಗೆ ಹುಟ್ಟಿದ ಹಬ್ಬ

ಆ ದೇಶದವರು ಪ್ರತಿ ವರುಷ ನವೆಂಬರ್ ತಿಂಗಳಿನ ನಾಲ್ಕನೆಯ ಗುರುವಾರದಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬವನ್ನು ಆಚರಿಸುತ್ತಾರೆ. ಇದರ ಮೂಲವನ್ನು ಹೇಳುವಾಗ ಅವರು ಪ್ಲಿಮತ್ ಎಂಬ ಊರನ್ನು ನೆನಸುತ್ತಾರೆ. ೧೬೨೦ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಎಂಬ ಹಡಗಿನಲ್ಲಿ ೧೦೨ ಮಂದಿ ಹೊರಟರು. ಅವರಲ್ಲಿ ಅನೇಕರು ತಮ್ಮ ಮನಸ್ಸಾಕ್ಷಿಗೆ ಸರಿಯಾಗಿ ದೇವರನ್ನು ಆರಾಧಿಸುವದಕ್ಕಾಗಿ ಸ್ವದೇಶವನ್ನು ಬಿಟ್ಟವರು. ಅವರು ದಡ ಸೇರಿದಾಗ ಚಳಿಗಾಲವು ಆರಂಭವಾಗಿತ್ತು. ಮನೆಗಳಿಲ್ಲ, ಬೆಳೆಯಿಲ್ಲ. ಹಸಿವಿನಿಂದಲೂ ರೋಗದಿಂದಲೂ ಬಾಧೆಪಟ್ಟು ಮೊದಲನೆಯ ಚಳಿಗಾಲ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಸತ್ತರು. ಮುಂದಿನ ಸುಗ್ಗಿಯನ್ನು ನೋಡುವದಕ್ಕೆ ಉಳಿದ ಗೃಹಿಣಿಯರು ನಾಲ್ವರು ಮಾತ್ರ.

೧೬೨೧ರಲ್ಲಿ ಬೆಳೆ ಕೈಗೆ ಬಂದಾಗ ಉಳಿದ ಸುಮಾರು ಐವತ್ತು ಜನರು ಕೂಡಿ ಊಟ ಮಾಡಿದರು. ಆ ಪ್ರಾಂತ್ಯದ ಮೂಲನಿವಾಸಿಗಳಾದ ವಾಂಪನೋಗ್ ಜನರ ಒಡೆಯನಾದ ಮಸಸೋಯಿಟನು ಸುಮಾರು ತೊಂಭತ್ತು ಮಂದಿ ಗಂಡಸರ ಸಂಗಡ ಬಂದು, ಐದು ಜಿಂಕೆಗಳನ್ನು ತಂದುಕೊಟ್ಟು, ಮೂರು ದಿನ ಅವರೊಡನೆ ಇದ್ದನು. ಎಡ್ವರ್ಡ್ ವಿನ್ಸ್‌ಲೋ ಎಂಬವನು ಅದೇ ವರುಷ ಡಿಸೆಂಬರಿನಲ್ಲಿ ಬರೆದ ಕಾಗದದಿಂದ ಈ ಸಂಗತಿ ನಮಗೆ ತಿಳಿದದೆ. ೧೬೨೩ರಲ್ಲಿ ಮತ್ತೊಂದು ಸಂಕಟ ಬಂತು. ಬಿತ್ತನೆಯಾದ ಮೇಲೆ ಅನೇಕ ವಾರಗಳ ವರೆಗೆ ಮಳೆ ಬಾರದೆ ಮೆಕ್ಕೆಜೋಳವು ಬಾಡಿತು. ಅವರು ಒಂದು ದಿನವನ್ನು ಪ್ರಾರ್ಥನೆಗೆ ಪ್ರತ್ಯೇಕಿಸಿದರು. ಸಂಜೆಯ ಹೊತ್ತಿಗೆ ಮೋಡ ಕವಿಯಿತು. ಬಳಿಕ ಮೆಲ್ಲನೆಯ ಮಳೆ ಬಂದು ಪೈರು ಚೇತರಿಸಿಕೊಂಡಿತು. ಆಗ ಅವರು ಇನ್ನೊಂದು ದಿನವನ್ನು ಸ್ತೋತ್ರಕ್ಕೆಂದೇ ನೇಮಿಸಿದರು.

ಪ್ರಾರ್ಥಿಸಿದ ಸಂಜೆಯೇ ಮಳೆ ಬರುವದೆಂಬ ಕಟ್ಟಳೆಯನ್ನು ಇದರಿಂದ ಮಾಡಿಕೊಳ್ಳಬಾರದು. ಒಕ್ಕಲುತನ ಮಾಡುವ ನಮಗೆ ಅದು ಚೆನ್ನಾಗಿ ಗೊತ್ತುಂಟು. ನಾವು ಗಮನಿಸತಕ್ಕದ್ದು ಬೇರೆ. ಎರಡು ವರುಷಗಳ ಹಿಂದೆ, ಹೊಸ ಗೋರಿಗಳು ಇನ್ನೂ ಹಸಿಯಾಗಿದ್ದಾಗಲೇ ಅವರು ಕೂಡಿ ಉಂಡು ಸಂತೋಷಪಟ್ಟಿದ್ದರು. ಸತ್ತವರನ್ನು ಮರೆತದ್ದರಿಂದ ಹಾಗೆ ಮಾಡಲಿಲ್ಲ. ಉಳಿದ ಜೀವವೂ ಕೊಯ್ದ ಕಾಳೂ ತಮ್ಮ ಸ್ವಂತ ಸಂಪಾದನೆಯಲ್ಲವೆಂದು ತಿಳಿದದ್ದರಿಂದ ಮಾಡಿದರು.

ಈ ಹಬ್ಬವು ಇಡೀ ದೇಶಕ್ಕೆ ಸ್ಥಿರವಾದದ್ದು ಸಹ ಕಷ್ಟಕಾಲದಲ್ಲಿಯೇ. ಸಾರಾ ಜೋಸೆಫಾ ಹೇಲ್ ಎಂಬ ವಿಧವೆಯು ಐದು ಮಕ್ಕಳನ್ನು ಸಾಕಿದ ತಾಯಿ, ಒಂದು ಮಾಸಪತ್ರಿಕೆಯ ಸಂಪಾದಕಿ. ಆಕೆ ಬಹು ವರುಷ ದೇಶಾಧಿಕಾರಿಗಳಿಗೆ ಕಾಗದಗಳನ್ನು ಬರೆದು ಎಲ್ಲರಿಗೂ ಒಂದೇ ದಿನವನ್ನು ನೇಮಿಸಬೇಕೆಂದು ಬೇಡಿಕೊಂಡಳು. ೧೮೬೩ರ ಅಕ್ಟೋಬರಿನಲ್ಲಿ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ನವೆಂಬರಿನ ಕಡೇ ಗುರುವಾರವನ್ನು ಅದಕ್ಕಾಗಿ ಪ್ರಕಟಿಸಿದನು. ಆಗ ಆ ದೇಶದಲ್ಲಿ ಅಣ್ಣತಮ್ಮಂದಿರ ನಡುವೆ ಯುದ್ಧ ನಡೆಯುತ್ತಿತ್ತು. ಲಿಂಕನನು ತಾನೇ ಅದರ ಹಿಂದಿನ ವರುಷ ಒಬ್ಬ ಚಿಕ್ಕ ಮಗನನ್ನು ಮಣ್ಣಿಗೆ ಕೊಟ್ಟಿದ್ದನು. ತನ್ನ ಪ್ರಕಟನೆಯಲ್ಲಿ ಅವನು ವಿಧವೆಯರನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಗೋಳಾಡುವವರನ್ನೂ ದೇವರಿಗೆ ಒಪ್ಪಿಸಬೇಕೆಂದು ಜನರನ್ನು ಕೇಳಿಕೊಂಡನು. ನಾಲ್ಕನೆಯ ಗುರುವಾರವೆಂದು ಶಾಸನವಾದದ್ದು ೧೯೪೧ರಲ್ಲಿ.

೨. ಉಪಕಾರಿಯನ್ನು ಮರೆತ ಪಾಪ

ಈ ವೃತ್ತಾಂತಕ್ಕೆ ಒಂದು ಕಪ್ಪು ಮಗ್ಗುಲೂ ಉಂಟು. ಅದನ್ನು ಮುಚ್ಚಿಟ್ಟರೆ ಪಾಠವು ಪೂರ್ತಿಯಾಗದು.

ಪ್ಲಿಮತ್ ಜನರಿಗೆ ಮೆಕ್ಕೆಜೋಳವನ್ನು ಬಿತ್ತುವದನ್ನೂ ಮೀನನ್ನು ಗೊಬ್ಬರವಾಗಿ ಹಾಕುವದನ್ನೂ ಕಲಿಸಿದವನು ಟಿಸ್ಕ್ವಾಂಟಮ್ ಎಂಬವನು. ೧೬೧೪ರಲ್ಲಿ ಒಬ್ಬ ಇಂಗ್ಲಿಷ್ ನಾವಿಕನು ಅವನನ್ನು ಮೋಸದಿಂದ ಹಿಡಿದುಕೊಂಡು ಹೋಗಿ ಸ್ಪೇನಿನಲ್ಲಿ ದಾಸನನ್ನಾಗಿ ಮಾರಲು ನೋಡಿದನು. ಅವನು ಹೇಗೋ ಇಂಗ್ಲೆಂಡಿಗೆ ಸೇರಿ, ೧೬೧೯ರಲ್ಲಿ ತನ್ನ ಊರಿಗೆ ತಿರುಗಿ ಬಂದನು. ಬಂದು ನೋಡಿದರೆ ಊರೇ ಇಲ್ಲ! ಪರದೇಶದವರಿಂದ ಬಂದ ವ್ಯಾಧಿಯು ಅವನ ಜನರನ್ನೆಲ್ಲಾ ನಿರ್ಮೂಲಮಾಡಿತ್ತು. ಹಡಗಿನವರು ಮನೆಗಳನ್ನು ಕಟ್ಟಿಕೊಂಡದ್ದು ಅವನ ಆ ಹಾಳೂರಿನಲ್ಲಿಯೇ. ತನ್ನನ್ನು ಮಾರಿದ ಜನರ ಕುಲದವರಿಗೆ ಅವನು ಅನ್ನದ ದಾರಿಯನ್ನು ತೋರಿಸಿದನು.

ಆ ಉಪಕಾರಕ್ಕೆ ಏನು ಪ್ರತಿಫಲ ದೊರೆಯಿತು? ಮಸಸೋಯಿಟನು ಬದುಕಿರುವ ತನಕ ಸಮಾಧಾನವಿತ್ತು. ಆಮೇಲೆ ಭೂಮಿಯ ಆಶೆ ಹೆಚ್ಚಿತು. ೧೬೭೫ರಲ್ಲಿ ಅವನ ಮಗನಾದ ಮೆಟಕಾಮನಿಗೂ ವಲಸೆ ಬಂದವರಿಗೂ ಘೋರವಾದ ಯುದ್ಧ ಹುಟ್ಟಿತು. ೧೬೭೬ರಲ್ಲಿ ಮೆಟಕಾಮನು ಹತನಾದನು. ತಂದೆಯು ಜಿಂಕೆಗಳನ್ನು ತಂದ ಅದೇ ಪ್ಲಿಮತ್ ಊರಿನಲ್ಲಿ ಮಗನ ತಲೆಯನ್ನು ಕಂಬಕ್ಕೆ ಸಿಕ್ಕಿಸಿ ನಿಲ್ಲಿಸಿದರು. ಅವನ ಜನರಲ್ಲಿ ಅನೇಕರನ್ನು ದಾಸರನ್ನಾಗಿ ಮಾರಿಬಿಟ್ಟರು. ಆದಕಾರಣ ೧೯೭೦ರಿಂದ ಮೂಲನಿವಾಸಿಗಳ ಸಂತತಿಯವರಲ್ಲಿ ಕೆಲವರು ಆ ಗುರುವಾರದಂದು ಪ್ಲಿಮತ್ ಊರಿನಲ್ಲಿ ಕೂಡಿ ಅದನ್ನು ಶೋಕದ ದಿನವಾಗಿ ಆಚರಿಸುತ್ತಾರೆ.

ಪ್ರಿಯರೇ, ದೇವರಿಗೆ ಸ್ತೋತ್ರ ಹೇಳುವ ನಾಲಿಗೆಯು ದೇವರು ಯಾವ ಮನುಷ್ಯನ ಕೈಯಿಂದ ಕೊಟ್ಟನೋ ಆ ಮನುಷ್ಯನನ್ನು ಮರೆಯುವದಾದರೆ ಆ ಸ್ತೋತ್ರವು ಅರ್ಧವೇ. ಲೂಕನ ಸುವಾರ್ತೆಯಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ; ಅವನೂ ಅನ್ಯನಾದ ಸಮಾರ್ಯದವನು. ಮಿಕ್ಕ ಒಂಭತ್ತು ಮಂದಿ ದುಷ್ಟರೆಂದು ಬರೆದಿಲ್ಲ. ಅವರು ಅವಸರದಲ್ಲಿ ಮನೆಗೆ ಹೋದರು, ಅಷ್ಟೇ. ಉಪಕಾರವನ್ನು ಮರೆಯುವದಕ್ಕೆ ದುಷ್ಟತನ ಬೇಕಿಲ್ಲ, ಅವಸರ ಸಾಕು.

೩. ಮೇಜಿನ ಸುತ್ತಲಿನ ಸಂತೋಷ

ಈಗ ಆ ದೇಶದ ಮನೆಗಳಲ್ಲಿ ಹಬ್ಬವು ಹೇಗೆ ನಡೆಯುತ್ತದೆಂದು ನೋಡೋಣ. ದೂರದಲ್ಲಿ ಕೆಲಸಮಾಡುವ ಮಕ್ಕಳು ತಂದೆತಾಯಿಗಳ ಮನೆಗೆ ಬರುತ್ತಾರೆ. ಟರ್ಕಿ ಕೋಳಿಯನ್ನು ಇಡಿಯಾಗಿ ಬೇಯಿಸುತ್ತಾರೆ. ಅದರ ಸಂಗಡ ಅರೆದ ಆಲೂಗಡ್ಡೆ, ಕ್ರಾನ್‌ಬೆರಿ ಎಂಬ ಹುಳಿಹಣ್ಣಿನ ಗೊಜ್ಜು, ಸಿಹಿಗುಂಬಳದ ಕಡುಬು ಇರುತ್ತವೆ. ಮಕ್ಕಳು ಅಂಗಳದಲ್ಲಿ ಚೆಂಡಾಡುತ್ತಾರೆ. ಅಜ್ಜನು ಹಳೇ ಕಥೆಗಳನ್ನು ಹೇಳುತ್ತಾನೆ. ಅನೇಕ ಮನೆಗಳಲ್ಲಿ ಊಟಕ್ಕೆ ಮುಂಚೆ ಒಬ್ಬೊಬ್ಬರಾಗಿ ತಾವು ಯಾವ ಉಪಕಾರಕ್ಕಾಗಿ ದೇವರನ್ನು ಸ್ತುತಿಸುತ್ತೇವೆಂದು ಹೇಳುವ ವಾಡಿಕೆಯುಂಟು. ಕೆಲವು ಮನೆಗಳಲ್ಲಿ ಒಬ್ಬೊಬ್ಬರ ತಟ್ಟೆಯಲ್ಲಿ ಐದು ಮೆಕ್ಕೆಜೋಳದ ಕಾಳುಗಳನ್ನು ಇಡುತ್ತಾರೆ. ಬರಗಾಲದಲ್ಲಿ ಪ್ಲಿಮತ್ ಜನರಿಗೆ ದಿನಕ್ಕೆ ಐದೇ ಕಾಳು ದೊರೆತವೆಂದು ಹೇಳುವದು ಆಮೇಲಿನ ಕಾಲದವರ ಐತಿಹ್ಯವು. ಆದರೂ ಒಂದೊಂದು ಕಾಳನ್ನು ಎತ್ತಿ ಒಂದೊಂದು ಉಪಕಾರವನ್ನು ಹೇಳುವದು ಒಳ್ಳೇ ವಾಡಿಕೆಯೇ.

ಮನೆಯವರು ಕೂಡಿ ನಗುವದು ಭಕ್ತಿಗೆ ವಿರೋಧವೆಂದು ನಮ್ಮಲ್ಲಿ ಕೆಲವರು ಎಣಿಸುತ್ತಾರೆ. ಧರ್ಮೋಪದೇಶಕಾಂಡವು ಹಾಗೆ ಹೇಳುವದಿಲ್ಲ. ಪ್ರಥಮಫಲದ ಪುಟ್ಟಿಯನ್ನು ಇಟ್ಟು, ಅಲೆದಾಡಿದ ಪಿತೃವನ್ನೂ ದಾಸತ್ವದ ಸಂಕಟವನ್ನೂ ಅರಿಕೆಮಾಡಿದ ಮೇಲೆ, ಮನೆಯವರೊಡನೆ ಸಂತೋಷಪಡಬೇಕೆಂಬ ಆಜ್ಞೆಯೇ ಅಲ್ಲಿ ಉಂಟು. ಆ ಸಂತೋಷದಲ್ಲಿ ಲೇವಿಯನಿಗೂ ಪರದೇಶಿಗೂ ಪಾಲುಂಟು. ನೆಹೆಮೀಯನ ದಿನಗಳಲ್ಲಿಯೂ ತಿಂದು ಕುಡಿದು, ಏನೂ ಸಿದ್ಧಮಾಡದವರಿಗೆ ಎಡೆಗಳನ್ನು ಕಳುಹಿಸಬೇಕೆಂದು ಅಪ್ಪಣೆಯಾಯಿತು. ಸ್ತೋತ್ರಕ್ಕೆ ತಕ್ಕ ಸಂತೋಷವು ಬಾಗಿಲನ್ನು ಮುಚ್ಚಿಕೊಳ್ಳುವದಿಲ್ಲ.

೪. ಹಲ್ಲಿನ ತಂತಿಯಿಂದ ಕಲಿಯತಕ್ಕದ್ದು

ಆ ದೇಶದಲ್ಲಿ ಸೊಟ್ಟ ಹಲ್ಲುಗಳನ್ನು ಸರಿಪಡಿಸುವ ದಂತವೈದ್ಯರು ಈ ಹಬ್ಬದ ಕಾಲದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವದುಂಟು. ಈಗ ನಮ್ಮ ಪಟ್ಟಣಗಳಲ್ಲಿಯೂ ಇಂಥ ವೈದ್ಯರಿದ್ದಾರೆ. ಹಳ್ಳಿಯ ಮಕ್ಕಳೂ ತಂತಿ ಕಟ್ಟಿಸಿಕೊಳ್ಳುತ್ತಾರೆ. ಆದದರಿಂದ ಇದನ್ನು ತಿಳಿಯುವದು ಒಳ್ಳೇದು. ಒಂದೊಂದು ಹಲ್ಲಿಗೆ ಒಂದು ಚಿಕ್ಕ ಬಿಲ್ಲೆಯನ್ನು ಅಂಟಿಸಿ, ಎಲ್ಲವುಗಳ ಮೂಲಕ ಒಂದು ತಂತಿಯನ್ನು ಹಾಯಿಸುತ್ತಾರೆ. ಗಟ್ಟಿಯಾದ ಬೀಜಗಳನ್ನು ಕಡಿದರೆ ಬಿಲ್ಲೆಗಳು ಕಿತ್ತುಬರುತ್ತವೆ; ಅಂಟಾದ ಮಿಠಾಯಿಯು ತಂತಿಯನ್ನು ಎಳೆಯುತ್ತದೆ; ಅರಳಿನ ಸಿಪ್ಪೆಯು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಅರೆದ ಆಲೂಗಡ್ಡೆಗೂ ಬೆಂದ ಕುಂಬಳಕ್ಕೂ ಚಿಕ್ಕದಾಗಿ ಬಿಡಿಸಿದ ಮಾಂಸಕ್ಕೂ ಅಡ್ಡಿಯಿಲ್ಲ. ಉಂಡ ಮೇಲೆ ಹಲ್ಲುಜ್ಜಬೇಕು. ಐದು ಕಾಳುಗಳನ್ನು ಎಣಿಸುವಾಗಲೂ ಅಂಥ ಮಗುವು ಅವುಗಳನ್ನು ಕಡಿಯದೆ ಎಣಿಸಲಿ! ಬುದ್ಧಿವಂತೆಯಾದ ತಾಯಿಯು ಆ ಒಂದು ಮಗುವಿಗೋಸ್ಕರ ಮೆತ್ತಗಿನ ಪದಾರ್ಥವನ್ನು ಎಲ್ಲರಿಗೂ ಮಾಡುತ್ತಾಳೆ. ತಿನ್ನಲಾರದವನನ್ನು ಮೂಲೆಯಲ್ಲಿ ಕೂಡ್ರಿಸದೆ ಅವನಿಗೆ ತಕ್ಕ ಹಾಗೆ ಊಟವನ್ನು ಏರ್ಪಡಿಸುವದೇ ಮನೆಯ ಹಬ್ಬ. ನಮ್ಮಲ್ಲಿ ಹಲ್ಲು ಬಿದ್ದ ಅಜ್ಜಿಯರನ್ನೂ ಹೀಗೆಯೇ ನೆನಸತಕ್ಕದ್ದು.

ತಂತಿಯು ಮಾಡುವ ಕೆಲಸದಲ್ಲಿಯೂ ಒಂದು ಸಾಮ್ಯವುಂಟು. ಹಲ್ಲನ್ನು ಬಲವಂತದಿಂದ ಒಂದೇ ದಿನ ತಿರುಗಿಸಲಾಗದು. ತಂತಿಯು ಹಗಲಿರುಳು ಸ್ವಲ್ಪವಾಗಿ ಒತ್ತುತ್ತದೆ. ಒತ್ತಿದ ಕಡೆಯ ಎಲುಬು ಸವೆದು ದಾರಿ ಬಿಡುತ್ತದೆ. ಹಿಂದಿನ ಕಡೆಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಹಲ್ಲು ಸರಿಯುತ್ತದೆ. ತಂತಿಯನ್ನು ತೆಗೆದ ಮೇಲೂ ರಿಟೇನರ್ ಎಂಬ ಹಿಡಿಕೆಯನ್ನು ಹಾಕಿಕೊಳ್ಳದಿದ್ದರೆ ಹಲ್ಲುಗಳು ಹಳೇ ಸ್ಥಾನದ ಕಡೆಗೆ ತಿರುಗುತ್ತವೆ. ಗೊಣಗುವದಕ್ಕೆ ಒಗ್ಗಿಹೋದ ನಮ್ಮ ಹೃದಯವೂ ಹೀಗೆಯೇ. ವರುಷಕ್ಕೊಂದು ಹಬ್ಬದಿಂದ ಅದು ನೆಟ್ಟಗಾಗದು. ದಿನದಿನವೂ ಊಟಕ್ಕೆ ಮುಂಚೆ ಮಾಡುವ ಚಿಕ್ಕ ಸ್ತೋತ್ರವು ಸ್ವಲ್ಪಸ್ವಲ್ಪವಾಗಿ ಒತ್ತಿ ಅದನ್ನು ತಿದ್ದುತ್ತದೆ. ಸರಿಯಾದ ಮೇಲೂ ಅದೇ ಅದನ್ನು ಹಿಡಿದಿಡುತ್ತದೆ.

೫. ಹಿರಿಯನ ಐದು ಕಾಳು

ಮಳೆ ತಪ್ಪಿದ ಆ ವರುಷದಲ್ಲಿ ನಾವು ಹರಾಜನ್ನು ಬಿಟ್ಟೆವು. ಒಬ್ಬೊಬ್ಬರು ಐದೈದು ಜೋಳದ ಕಾಳುಗಳನ್ನು ತರಲಿ ಎಂದು ಹೇಳಿದೆನು. ಆ ಹಿರಿಯನು ಕಡೆಯದಾಗಿ ಬಂದನು. ಮೊದಲನೆಯ ಕಾಳನ್ನು ಎತ್ತಿ, "ನಮ್ಮ ಬಾವಿ ಬತ್ತಲಿಲ್ಲ" ಅಂದನು. ಎರಡನೆಯದನ್ನು ಎತ್ತಿ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ತನ್ನ ನೆರೆಯ ಒಕ್ಕಲಿಗನ ಹೆಸರನ್ನು ಹೇಳಿದನು. ಆ ನೆರೆಯವನು ನಮ್ಮ ಸಭೆಯವನಲ್ಲ; ಗಡಿಯ ವಿಷಯದಲ್ಲಿ ಇವರಿಬ್ಬರಿಗೂ ಹಳೇ ಜಗಳವಿತ್ತು. ಆದರೂ ಬೇಸಿಗೆಯಲ್ಲಿ ಅವನು ತನ್ನ ಬಣವೆಯಿಂದ ಇವನ ಎತ್ತುಗಳಿಗೆ ಹುಲ್ಲು ಕೊಟ್ಟಿದ್ದನಂತೆ. "ಅವನಿಗೆ ನಾನು ಇನ್ನೂ ಒಂದು ಮಾತು ಸಹ ಹೇಳಲಿಲ್ಲ" ಎಂದು ಹಿರಿಯನು ಅಂದನು. ಮಿಕ್ಕ ಮೂರು ಕಾಳುಗಳನ್ನು ಅವನು ಎಣಿಸಲಿಲ್ಲ. ಆರಾಧನೆ ಮುಗಿದ ಕೂಡಲೇ ನೆಟ್ಟಗೆ ಆ ನೆರೆಯವನ ಮನೆಗೆ ಹೋದನು.

ಯಾತಕ್ಕಾಗಿ ಸ್ತೋತ್ರ ಮಾಡೋಣ ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಹೇಳಲಾರದೆ ಹೋದೆನು. ಕೇಳಿದವನೇ ಅದನ್ನು ಕಂಡುಕೊಂಡನು. ನಿಮ್ಮ ಮನೆಯಲ್ಲಿಯೂ ಈ ಸುಗ್ಗಿಯಲ್ಲಿ ಐದು ಕಾಳುಗಳನ್ನು ಇಟ್ಟು ನೋಡಿರಿ. ಕೊಟ್ಟ ದೇವರನ್ನೂ ಕೊಡುವದಕ್ಕೆ ಆತನು ಉಪಯೋಗಿಸಿದ ಕೈಗಳನ್ನೂ ಮರೆಯದಂತೆ ಕರ್ತನು ನಮಗೆಲ್ಲರಿಗೂ ಸಹಾಯಮಾಡಲಿ.

ಕುಟುಂಬಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಪ್ಲಿಮತ್ ಜನರು ೧೬೨೧ರಲ್ಲಿ ಸಂತೋಷಪಟ್ಟದ್ದಕ್ಕೆ ಕಾರಣವೇನು?

೨. ಟಿಸ್ಕ್ವಾಂಟಮನ ಉಪಕಾರವನ್ನೂ ಮೆಟಕಾಮನ ಅಂತ್ಯವನ್ನೂ ಹೋಲಿಸಿ ನೋಡಿದರೆ ನಮಗೆ ಯಾವ ಎಚ್ಚರಿಕೆ ದೊರೆಯುತ್ತದೆ?

೩. ನಮ್ಮ ಮನೆಯ ಹಬ್ಬದ ಊಟದಲ್ಲಿ ಯಾರು ಮೂಲೆಯಲ್ಲಿ ಉಳಿಯುತ್ತಾರೆ? ಅವರಿಗೋಸ್ಕರ ಏನು ಮಾಡತಕ್ಕದ್ದು?

೪. ನಾವು ಇನ್ನೂ ಉಪಕಾರಸ್ತುತಿ ಹೇಳದೆ ಇರುವ ನೆರೆಯವನು ಯಾರು? ಅವನ ಮನೆಗೆ ಯಾವಾಗ ಹೋಗುವೆವು?