ಬಿಸಿಲಿಗೆ ಏರುವ ಹಳ್ಳಗಳು

ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರ್ ಅಂತ ಹೇಳಿದ್ದಕ್ಕೆ, ‘ಇಷ್ಟೇನಾ ದೊಡ್ಡಪ್ಪ?’ ಅಂದೆಯಲ್ಲ ಪುಟ್ಟಿ. ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಓಡುವವಳಿಗೆ ಹಾಗನ್ನಿಸುವುದು ಸಹಜ. ನಿನ್ನ ಕಾಲಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ರಜೆಯ ಲೆಕ್ಕ ನೋಡಿ ಮಾತ್ರ ಎದೆ ಧಸಕ್ಕೆಂದಿತು. ಡೆಹ್ರಾಡೂನಿನಲ್ಲಿ ಇಳಿದ ಮಾರನೇ ದಿನ ಗಂಗೋತ್ರಿ, ಅದರ ಮಾರನೇ ದಿನವೇ ಗೋಮುಖದ ದಾರಿಯ ಭೋಜ್‌ಬಾಸಾ!

ಬೆಂಗಳೂರು ಇರುವುದು 920 ಮೀಟರ್ ಎತ್ತರದಲ್ಲಿ. ಗಂಗೋತ್ರಿ 3,000 ಮೀಟರ್ ದಾಟಿದೆ, ಭೋಜ್‌ಬಾಸಾ 3,800ರ ಆಸುಪಾಸು. 3,000 ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ ಅನ್ನುತ್ತಾರೆ ವೈದ್ಯರು. ಭೋಜ್‌ಬಾಸಾಕ್ಕೆ ಏರಿಕೆ ಅದಕ್ಕೂ ಹೆಚ್ಚು, ಆದ್ದರಿಂದ ಉತ್ತರಕಾಶಿಯಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ ಕಳೆದೇ ಮೇಲೆ ಹೋಗು. ತಲೆನೋವಿನ ಜೊತೆ ವಾಂತಿ ಶುರುವಾಯಿತೋ, ಚರ್ಚೆ ಬೇಡ, ಕೆಳಗಿಳಿ. ಓಟಗಾರ್ತಿ ಅಂತ ಅಲ್ಲಿನ ತೆಳುಗಾಳಿ ನಿನಗೇನೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ನೀರಿನ ಮಾತು. ದಾರಿಯುದ್ದಕ್ಕೂ ಭಾಗೀರಥಿ ಪಕ್ಕದಲ್ಲೇ ಹರಿಯುತ್ತಿರುತ್ತಾಳೆ. ಭಯ ಅವಳದ್ದಲ್ಲ, ಗುಡ್ಡದಿಂದಿಳಿದು ದಾರಿಗೆ ಅಡ್ಡ ಹರಿಯುವ ನಾಲೆಗಳದ್ದು. ನಮ್ಮ ಮಲೆನಾಡಿನ ಹಳ್ಳ ಮಳೆಗೆ ಏರುತ್ತದೆ, ಅಲ್ಲಿನದು ಬಿಸಿಲಿಗೂ ಏರುತ್ತದೆ. ರಾತ್ರಿಯ ಚಳಿಗೆ ಮೇಲೆ ಹಿಮ ಕರಗುವುದು ಕಡಿಮೆಯಾಗಿ ಬೆಳಗಿನ ಜಾವ ನೀರು ಇಳಿದಿರುತ್ತದೆ. ಹೊತ್ತೇರಿದಂತೆ ಅದೇ ನೀರು ಕಲ್ಲು ಉರುಳಿಸಿಕೊಂಡು ಬರುತ್ತದೆ. ನೀಲಿ ಆಕಾಶ ನೋಡಿ ಮೋಸಹೋಗಬೇಡ. ದಿನದ ನಡಿಗೆ ನಸುಕಿನಲ್ಲಿ ಶುರುವಾಗಿ ಮಧ್ಯಾಹ್ನದೊಳಗೆ ಮುಗಿಯಲಿ. ನಾಲೆಗಳಿಗೆ ಮರದ ಕಾಲುಸಂಕಗಳಿವೆ, ಆದರೆ ಅವನ್ನೇ ನಂಬಿ ಕೂರುವಂತಿಲ್ಲ. 2024ರ ಜುಲೈನಲ್ಲಿ ಇದೇ ದಾರಿಯ ಚೀಡ್‌ಬಾಸಾ ಬಳಿಯ ಸಂಕ ಕೊಚ್ಚಿಹೋಗಿ ಯಾತ್ರಿಕರು ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದರು.

ಸಂಕವಿಲ್ಲದ ಕಡೆ ಮೊಣಕಾಲು ಮೀರುವ ನೀರಿಗೆ ಇಳಿಯಲೇಬೇಡ. ಕಡಿಮೆ ನೀರಿದ್ದರೂ ಬರಿಗಾಲು ಬೇಡ, ಆ ಕೊರೆತಕ್ಕೆ ಪಾದ ಮರಗಟ್ಟಿ ಎಲ್ಲಿ ಊರಿದೆ ಅಂತಲೇ ತಿಳಿಯುವುದಿಲ್ಲ. ಬೆನ್ನಚೀಲದ ಸೊಂಟಪಟ್ಟಿ ಮೊದಲು ಬಿಚ್ಚಿಕೋ. ಬಿದ್ದರೆ ಚೀಲ ಹೋಗಲಿ, ಬಿಗಿದುಕೊಂಡಿದ್ದರೆ ಅದೇ ನಿನ್ನನ್ನು ಮುಳುಗಿಸುತ್ತದೆ. ಗುಂಪಿನಲ್ಲಿ ಒಬ್ಬರಿಗೆ ಮನಸ್ಸು ಹಿಂಜರಿದರೂ ಎಲ್ಲರೂ ನಿಲ್ಲಬೇಕು.

ಚೀಡ್‌ಬಾಸಾ ದಾಟಿದ ಮೇಲೆ ಸಡಿಲ ಮಣ್ಣಿನ ಇಳಿಜಾರಿನಿಂದ ಕಲ್ಲು ಉದುರುವ ಜಾಗ ಸಿಗುತ್ತದೆ. ಮೇಲೆ ಬೆಟ್ಟದ ಕುರಿ ಓಡಾಡಿದರೂ ಸಾಕು, ಕಲ್ಲು ಜಾರುತ್ತದೆ. ಅಲ್ಲಿ ಫೋಟೊ, ಹಾಡು, ವಿಶ್ರಾಂತಿ ಯಾವುದೂ ಬೇಡ. ಗೋಮುಖದಲ್ಲೂ ಹಿಮನದಿಯ ಬಾಯಿಗೆ ಹತ್ತಿರ ಹೋಗಬೇಡ, ಮನೆಯಷ್ಟು ದೊಡ್ಡ ತುಂಡುಗಳು ಹೇಳದೆ ಕೇಳದೆ ಕಳಚಿ ಬೀಳುತ್ತವೆ. ಗೋಮುಖದಾಚೆಯ ತಪೋವನದ ಆಸೆ ಈ ಸಲ ಬಿಡು.

ಅರಣ್ಯ ಇಲಾಖೆ ದಿನಕ್ಕೆ 150 ಜನರನ್ನಷ್ಟೇ ಬಿಡುವುದರಿಂದ ಅನುಮತಿ ಮೊದಲೇ ಮಾಡಿಸಿಕೋ. ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ. ಅಜ್ಜಿಯ ಕೋಡುಬಳೆ ಧಾರಾಳವಾಗಿ ಒಯ್ಯಿ, ಕವರು ಮಾತ್ರ ವಾಪಸ್ ತರಬೇಕು.

2024ರ ಜೂನಿನಲ್ಲಿ ಅದೇ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ನಮ್ಮ ಕರ್ನಾಟಕದವರು ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಹೆದರಿಸಲು ಹೇಳುತ್ತಿಲ್ಲ. ಹವೆ ಕೆಟ್ಟರೆ ಕೂತು ಕಾಯಬೇಕು, ಕಾಯುವುದಕ್ಕೆ ಕೈಯಲ್ಲಿ ದಿನ ಇರಬೇಕು. ‘ನಾಳೆ ಫ್ಲೈಟಿದೆ’ ಅನ್ನುವ ಅವಸರದಲ್ಲೇ ಜನ ಮಧ್ಯಾಹ್ನದ ನಾಲೆಗೆ ಕಾಲಿಡುತ್ತಾರೆ. ಮ್ಯಾನೇಜರಿಗೆ ಹೇಳಿ ಇನ್ನೆರಡು ದಿನ ರಜೆ ತಗೋ. ವಾಪಸ್ ಬರುವ ಟಿಕೆಟ್ಟನ್ನು ಇವತ್ತೇ ಮುಂದೂಡು, ಬದಲಾಯಿಸುವ ದುಡ್ಡು ನಾನು ಕೊಡುತ್ತೇನೆ.